ನಮ್ಮಪ್ಪ ಮಾಡಿದ್ದು

ನಾನು ಚಿಕ್ಕವಳಿದ್ದಾಗ ನನ್ನ ಕೈ ಎಷ್ಟು ಸಣ್ಣದಿತ್ತೆಂದರೆ, ಪೇರಲ ಹಣ್ಣಿನಷ್ಟು ಪುಟ್ಟ ಮರದ ಬಟ್ಟಲಿನೊಳಗೂ ನನ್ನ ಬೆರಳುಗಳು ಸಲೀಸಾಗಿ ಆಡುತ್ತಿದ್ದವು. ಅದಕ್ಕೇ ಅಪ್ಪ ಬಟ್ಟಲಿಗೆ ತೂತು ಕೊರೆಯುವ ಕೆಲಸವನ್ನು ನನಗೆ ಒಪ್ಪಿಸಿದ್ದ. ಆಗ ನನಗೆ ಹತ್ತು ವರ್ಷ. ಇನ್ನೂ ಬ್ರಿಟಿಷರ ಕಾಲ. ಧಾರವಾಡದ ಕಡೆಯಿಂದ ಬಂದ ನಾವು ಪುಣೆಯ ಭವಾನಿ ಪೇಠದಲ್ಲಿ, ಮರದ ಅಡ್ಡೆಗಳ ಹಿಂದಿನ ಓಣಿಯಲ್ಲಿ ಇದ್ದೆವು.

ಮನೆಯ ಮುಂದಿನ ಕೋಣೆಯೇ ನಮ್ಮ ಕೆಲಸದ ಜಾಗ. ಸಾಗವಾನಿಯ ತುಂಡನ್ನು ಎರಡು ಮೊಳೆಗಳ ನಡುವೆ ಸಿಕ್ಕಿಸಿ, ಅದಕ್ಕೆ ಚರ್ಮದ ಪಟ್ಟಿ ಸುತ್ತಿ, ಅವ್ವ ಅದರ ಎರಡೂ ತುದಿಗಳನ್ನು ಮಜ್ಜಿಗೆ ಕಡೆದ ಹಾಗೆ ಎಳೆಯುತ್ತಿದ್ದಳು. ಮರ ಗಿರ್ರನೆ ತಿರುಗುತ್ತಿತ್ತು. ಅಪ್ಪ ಉಳಿ ಹಿಡಿದನೆಂದರೆ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿ ನಮ್ಮ ತಲೆಯ ಮೇಲೆಲ್ಲ ಕೂರುತ್ತಿತ್ತು. ರೊಟ್ಟಿಗೂ ಮರದ ವಾಸನೆ. ಬಟ್ಟಲಿನ ಗೋಡೆ ತೆಳ್ಳಗಾದ ಮೇಲೆ ಅಕ್ಕ ಅದರ ಮೇಲೆ ಬಳ್ಳಿ, ಎಲೆ, ಮೊಗ್ಗು ಬರೆಯುತ್ತಿದ್ದಳು. ನಾನು ಬೈರಿಗೆಯಿಂದ ತೂತು ಕೊರೆದು, ಅದರೊಳಗೆ ದಾರದಂಥ ಗರಗಸ ತೂರಿಸಿ, ಬೇಡದ ಮರವನ್ನು ಚೂರು ಚೂರೇ ತೆಗೆದು ಜಾಲರಿ ಮಾಡುತ್ತಿದ್ದೆ. ಕೊನೆಗೆ ಅಕ್ಕ ಸಣ್ಣ ಉಳಿಯಿಂದ ಎಲೆಗಳ ನರ ಕೆತ್ತುತ್ತಿದ್ದಳು. ಕೈ ಸ್ವಲ್ಪ ಹೆಚ್ಚು ಒತ್ತಿದರೂ ‘ಚಟ್’ ಎಂದು ಸೀಳು ಬಿಡುತ್ತಿತ್ತು. ಎಂಟು ದಿನದ ಕೆಲಸ ಒಲೆಗೆ!

ಈ ಬಟ್ಟಲುಗಳನ್ನು, ಬಿಳಿಯರ ದಂಡು ಇದ್ದ ಕ್ಯಾಂಪಿನ ದೊಡ್ಡ ರಸ್ತೆಯಲ್ಲಿದ್ದ ಒಬ್ಬ ಶೇಟಜಿ ಕೊಳ್ಳುತ್ತಿದ್ದರು. ಒಮ್ಮೆ ಅಪ್ಪನ ಜೊತೆ ನಾನೂ ಅವರ ಅಂಗಡಿಗೆ ಹೋದೆ. ಗಾಜಿನ ಕಪಾಟಿನಲ್ಲಿ ನಮ್ಮದೇ ಬಟ್ಟಲುಗಳು ಮಿರಿಮಿರಿ ಮಿಂಚುತ್ತಿದ್ದವು. ಮುಂದೆ ಒಂದು ಚೀಟಿ. ಮೇಲೆ ಇಂಗ್ಲಿಷ್, ಕೆಳಗೆ ಮರಾಠಿ. ಮರಾಠಿ ಶಾಲೆಗೆ ಹೋಗುತ್ತಿದ್ದ ನಾನು ಓದಿದೆ: ‘ಕಾಶ್ಮಿರಿ ಕಾಮ್’. ಕಾಶ್ಮೀರದ ಕೆಲಸ ಎಂದು.

“ಅಪ್ಪಾ, ಇದು ಕಾಶ್ಮೀರದಾಗ ಮಾಡಿದ್ದು ಅಂತ ಬರದಾರ!”

ಅಪ್ಪನಿಗೆ ಓದು ಬರುತ್ತಿರಲಿಲ್ಲ. “ಇರ್ಲಿ ಬಿಡವ್ವಾ. ಹೆಸರು ತಗೊಂಡು ಏನ್ ಮಾಡೋದದ?” ಎಂದ. ಆದರೆ ನನ್ನ ಮುಖ ನೋಡಲಿಲ್ಲ. ಅವನ ಕಿವಿ ಕೆಂಪಾಗಿದ್ದವು.

ನನಗೆ ಬಿಡಲು ಆಗಲಿಲ್ಲ. ಅಕ್ಕ ಮನೆಯಲ್ಲಿ ಪಾಟಿಯ ಮೇಲೆ ನನಗೆ ಕನ್ನಡ ಅಕ್ಷರ ಕಲಿಸಿದ್ದಳು. ಶಾಲೆಯ ಹುಡುಗಿಯರು ಅದನ್ನು ನೋಡಿ ‘ಜಿಲೇಬಿ, ಜಿಲೇಬಿ’ ಎಂದು ನಗುತ್ತಿದ್ದರು. ಜಿಲೇಬಿಯಾದರೆ ಇನ್ನೂ ಒಳ್ಳೆಯದಾಯಿತು, ಬಳ್ಳಿಯ ನಡುವೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಶೇಟಜಿಗೆ ಮುಂದೆ ಕೊಡಬೇಕಿದ್ದ ಆರು ಬಟ್ಟಲುಗಳ ಅಂಚಿನಲ್ಲೂ, ಅಕ್ಕ ಬರೆದ ಬಳ್ಳಿಯನ್ನೇ ಸ್ವಲ್ಪ ತಿರುಚಿ, ಸುತ್ತಲಿನ ಮರ ತೆಗೆದು ಅಕ್ಷರಗಳನ್ನು ಉಳಿಸಿದೆ. ಒಂದಕ್ಕೊಂದು ತಾಗಿ, ಕೈಹಿಡಿದು ನಿಂತ ಅಕ್ಷರಗಳು: ‘ನಮ್ಮಪ್ಪ ಮಾಡಿದ್ದು’.

ಎಲೆ ಕೆತ್ತಲು ಕೂತ ಅಕ್ಕ ಬಟ್ಟಲನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಬೈಗುಳ ಬಂತೆಂದೇ ನಾನು ಕಣ್ಣು ಮುಚ್ಚಿದೆ.

“ಈ ಕಡೀ ಬಟ್ಟಲದಾಗ ‘ದ’ಕ್ಕ ಒತ್ತು ಎಲ್ಲೆದ?” ಎಂದಳು ಅಕ್ಕ. ತಾನೇ ಗರಗಸ ತೆಗೆದುಕೊಂಡು, ಕೆಳಗೆ ಉಳಿದಿದ್ದ ಬಳ್ಳಿಯ ಎಲೆಯನ್ನೇ ಕೊರೆದು ಒತ್ತು ಮಾಡಿದಳು. ಅಪ್ಪನಿಗೆ ಮಾತ್ರ ನಾವಿಬ್ಬರೂ ಹೇಳಲಿಲ್ಲ.

ಅಪ್ಪನೂ ನಾನೂ ಬಟ್ಟಲುಗಳನ್ನು ಕೊಡಲು ಹೋದ ದಿನ ಅಂಗಡಿಯಲ್ಲಿ ಒಬ್ಬ ಬಿಳಿಯ ಸಾಹೇಬನಿದ್ದ. ಶೇಟಜಿ ನಮ್ಮ ಗಂಟನ್ನು ತಾವೇ ಬಿಚ್ಚಿ, ಒಂದು ಬಟ್ಟಲನ್ನು ಅವನ ಕೈಗೆ ಕೊಟ್ಟು ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ನನಗೆ ತಿಳಿದದ್ದು ‘ಕಾಶ್ಮೀರ’ ಒಂದೇ. ಸಾಹೇಬ ಬಟ್ಟಲನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದ. ಅವನ ತುಟಿ ಅಲುಗಿದವು.

“ನ...ಮ್ಮ...ಪ್ಪ... ಮಾಡಿದ್ದು.”

ನಾನು ಅಪ್ಪನ ಹಿಂದೆ ಸರಿದೆ. ಪುಣೆಯಲ್ಲಿ ಕನ್ನಡ ಓದುವ ಸಾಹೇಬನೊಬ್ಬ ಸಿಗುತ್ತಾನೆಂದು ಯಾರಿಗೆ ಗೊತ್ತಿತ್ತು! ಅವನು ಧಾರವಾಡದಲ್ಲಿ ಕೆಲವು ವರ್ಷ ಅಧಿಕಾರಿಯಾಗಿದ್ದನಂತೆ. “ಇದನ್ನು ಯಾರು ಬರೆದರು?” ಎಂದು ಪುಸ್ತಕದ ಕನ್ನಡದಲ್ಲಿ ಕೇಳಿದ.

ಸುಮ್ಮನಿರಬಹುದಿತ್ತು. ಇರಲಿಲ್ಲ.

“ನಾನ್ರೀ. ಇವರ ನಮ್ಮಪ್ಪ. ಇವರ ಮಾಡ್ಯಾರ. ಕಾಶ್ಮೀರ ನಾವು ಕಣ್ಣಲೆ ಸುದ್ದಾ ನೋಡಿಲ್ರೀ.”

ಸಾಹೇಬ ಶೇಟಜಿಗೆ ಇಂಗ್ಲಿಷಿನಲ್ಲಿ ಎರಡು ಬಿರುಸು ಮಾತು ಹೇಳಿ, ಬಟ್ಟಲನ್ನು ಅಲ್ಲೇ ಇಟ್ಟು ಹೊರಟುಹೋದ. ಅವನೂ ನಮ್ಮ ಬಟ್ಟಲನ್ನು ಕೊಳ್ಳಲಿಲ್ಲ ನೋಡಿ. ಅವನಿಗೂ ಕಾಶ್ಮೀರವೇ ಬೇಕಿತ್ತು.

ಶೇಟಜಿಯ ಮುಖ ಕಪ್ಪಿಟ್ಟಿತು. “ಕಾಪೂನ್ ಟಾಕ!” ಎಂದು ಅಪ್ಪನ ಮೇಲೆ ಕೂಗಿದರು. ಕತ್ತರಿಸಿ ಹಾಕು ಎಂದು. ಅಕ್ಷರಗಳನ್ನು ಇಲ್ಲಿಯೇ, ಈಗಲೇ ತೆಗೆಯದಿದ್ದರೆ ಇನ್ನು ಮುಂದೆ ಈ ಮೆಟ್ಟಿಲು ಹತ್ತುವುದೇ ಬೇಡ ಎಂದರು. ನಮಗೆ ಇದ್ದದ್ದು ಅದೊಂದೇ ಅಂಗಡಿ.

ಅಪ್ಪ ಚೀಲದಿಂದ ಗರಗಸ ತೆಗೆದ. ಅವನು ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬಟ್ಟಲನ್ನು ಮುಂದೆ ಹಿಡಿದ.

“ಎಲ್ಲಿ ಬರದೀ ತೋರ್ಸವ್ವಾ.”

ನಾನು ಅವನ ದಪ್ಪ ತೋರುಬೆರಳನ್ನು ಹಿಡಿದು ಅಂಚಿನ ಮೇಲೆ ಇಟ್ಟೆ. “ಇದು ‘ನ’. ಇದು ‘ಮ್ಮ’. ಇದು ‘ಪ್ಪ’. ಇದ ನೀನು.” ಆ ಬೆರಳು ಅಕ್ಷರಗಳ ಮೇಲೆ ಒಮ್ಮೆ ಹೋಯಿತು. ಮತ್ತೆ ಹಿಂದಕ್ಕೆ ಬಂದು ಇನ್ನೊಮ್ಮೆ ಹೋಯಿತು. ಆಮೇಲೆ ಅಪ್ಪ ಗರಗಸವನ್ನು ಚೀಲದೊಳಗೆ ಇಟ್ಟು ಎದ್ದು ನಿಂತ.

“ನಾಹೀ, ಶೇಟಜಿ.”

‘ಹೋಯ್ ಶೇಟಜಿ’, ಹೌದು ಶೇಟಜಿ, ಎಂಬುದನ್ನು ಬಿಟ್ಟು ಬೇರೆ ಮಾತು ಅವನು ಆ ಅಂಗಡಿಯಲ್ಲಿ ಆಡಿದ್ದನ್ನು ನಾನು ಕೇಳಿರಲಿಲ್ಲ. ಆರೂ ಬಟ್ಟಲುಗಳನ್ನು ಗಂಟು ಕಟ್ಟಿದ. ಸಾಹೇಬರನ್ನು ಬಿಟ್ಟರೆ ಇವನ್ನು ಯಾರು ಕೇಳುತ್ತಾರೆ ಎಂದು ಶೇಟಜಿ ನಕ್ಕರು. ಕೇಳಿದವರಿಗೆ ಮಾಡಿದವರ ಹೆಸರು ಹೇಳಿ ಕೊಡುತ್ತೇನೆ ಎಂದ ಅಪ್ಪ, ಮರಾಠಿಯಲ್ಲೇ. ಹೋಗುವ ಮುಂಚೆ ಕಪಾಟಿನ ಮುಂದಿನ ಆ ಚೀಟಿಯನ್ನು ಬೋರಲು ಹಾಕಿದ.

ಮನೆಯಲ್ಲಿ ಅವ್ವ ಎಲ್ಲವನ್ನೂ ಕೇಳಿ ಸೊಂಟಕ್ಕೆ ಕೈಯಿಟ್ಟಳು. “ಛಲೋ ಆತು! ಇವತ್ತು ಆ ಅಕ್ಷರಾನ ಕುದಿಸಿ ಬಡಸ್ಲೇನ್ರೀ?” ಎಂದು ಅಪ್ಪನನ್ನು ಕೇಳಿದಳು. ಅಷ್ಟು ಹೇಳಿ ತಾನೇ ಹೋಗಿ ಚರ್ಮದ ಪಟ್ಟಿ ಹಿಡಿದು, “ಬರ್ರಿ, ಇನ್ನೊಂದು ತುಂಡು ಏರಸ್ರಿ,” ಎಂದಳು.

ಮುಂದಿನ ತಿಂಗಳುಗಳು ಸುಲಭದವಲ್ಲ. ಅಪ್ಪ ಲಟ್ಟಣಿಗೆ, ಬುಗುರಿ, ಮಂಚದ ಕಾಲು ಕಡೆದ. ನಾವು ಬರೀ ನುಚ್ಚು, ಮಜ್ಜಿಗೆ ಉಂಡೆವು. ಆದರೆ ಭಾನುವಾರ ಬಂದರೆ ಅಪ್ಪ ಅದೇ ರಸ್ತೆಯಲ್ಲಿ, ಅದೇ ಅಂಗಡಿಯ ಎದುರು, ಬಟ್ಟೆ ಹಾಸಿ ಬಟ್ಟಲುಗಳನ್ನು ಜೋಡಿಸುತ್ತಿದ್ದ. ಧಾರವಾಡ, ಬೆಳಗಾವಿ ಕಡೆಯ ಗುಮಾಸ್ತರು ನಿಲ್ಲುತ್ತಿದ್ದರು, ಓದುತ್ತಿದ್ದರು, “ಅರೇ, ನಮ್ಮವರಲ್ರೀ!” ಎನ್ನುತ್ತಿದ್ದರು. ದೌಂಡದ ರೈಲ್ವೆ ಗಾರ್ಡ್ ಒಬ್ಬರು ಒಂದನ್ನು ಕೊಂಡು, ಮರುವಾರ ಮತ್ತೆ ಮೂವರನ್ನು ಕರೆತಂದರು. ಅಷ್ಟು ಹೊತ್ತಿಗೆ ಅಪ್ಪ ಅಕ್ಕನ ಪಾಟಿಯ ಮುಂದೆ ಕೂತು ಅಕ್ಷರ ತಿದ್ದತೊಡಗಿದ್ದ. ಮಳೆಗಾಲ ಮುಗಿಯುವುದರೊಳಗೆ ಅವನೇ ಒಂದು ಬಟ್ಟಲಿಗೆ ಸೊಟ್ಟಸೊಟ್ಟಗೆ ಕೊರೆದ: ‘ನನ್ನ ಮಕ್ಕಳು ಕೆತ್ತಿದ್ದು’.

ಮೊಮ್ಮಕ್ಕಳೇ, ನೀವು ಇದೇ ಪುಣೆಯ ವಿಮಾನ ನಗರದ ಆರನೆಯ ಮಹಡಿಯಲ್ಲಿ ಇದ್ದೀರಿ. ನಿಮ್ಮ ಬಟ್ಟಲುಗಳು ಪ್ಲಾಸ್ಟಿಕ್ಕಿನವು, ಬಿದ್ದರೂ ಒಡೆಯುವುದಿಲ್ಲ. ಚಿತ್ರ ಬರೆದರೆ ಮೂಲೆಯಲ್ಲಿ ಹೆಸರು ಹಾಕಿ ಎಂದು ನಿಮಗೆ ಟೀಚರೇ ಹೇಳುತ್ತಾರೆ. ನಮಗೆ ಹಾಗೆ ಹೇಳುವವರು ಇರಲಿಲ್ಲ. ಆದರೂ ಮೊನ್ನೆ ನಿಮ್ಮಲ್ಲಿ ಕಿರಿಯವಳು ಅಳುತ್ತ ಮನೆಗೆ ಬಂದಳು. ಅವಳು ಮಣ್ಣಿನಲ್ಲಿ ಮಾಡಿದ ಆನೆಗೆ ಶಾಲೆಯಲ್ಲಿ ಬೇರೆ ಯಾರದೋ ಹೆಸರು ಅಂಟಿಸಿ ಇಟ್ಟಿದ್ದರಂತೆ. “ಹೋಗ್ಲಿ ಬಿಡು, ಪುಟ್ಟಿ,” ಎಂದಳು ಅವಳ ಅಮ್ಮ.

ನಾನು ಬಿಡಲಿಲ್ಲ. “ಕಣ್ಣು ಒರಸ್ಕೊ. ನನ್ನ ಚಪ್ಪಲಿ ಎಲ್ಲವ ನೋಡು,” ಎಂದೆ. “ನಾಳೆ ನಿನ್ನ ಜೋಡಿ ನಾನೂ ಸಾಲಿಗೆ ಬರ್ತೀನಿ.”