ಸುರಗಿಯ ಕೊನೆಯ ಸುತ್ತು

ಹಾವೇರಿಯ ರೈಲು ಸ್ಟೇಷನ್ನಿನ ಕಡೆಯ ಒಂದು ಕಲ್ಯಾಣ ಮಂಟಪ. ಅಡುಗೆಮನೆಯ ಹಿಂದಿನ ಅಂಗಳದಲ್ಲಿ ಅವತ್ತು ಮುಂಜಾನೆ ನಡುಮಧ್ಯೆ ಮಣೆಯ ಮೇಲೆ ಕೂತಿದ್ದವಳು ನನ್ನ ತಂಗಿ, ಮದುಮಗಳು. ಅವಳ ಪಕ್ಕದಲ್ಲಿ ಹಲಗೇರಿಯ ವರ, ಕಿವಿಯ ಹಿಂದೆಲ್ಲ ಅರಿಶಿನ ಬಳಿಸಿಕೊಂಡು. ಎದುರಿಗೆ ಕುರ್ಚಿ ಹಾಕಿಸಿಕೊಂಡು ಕೂತವರು ವರನ ತಾಯಿ, ನಮ್ಮ ಬೀಗತಿ. ಇತ್ತ ಚಾಪೆಯ ಮೇಲೆ ಹಾಡುವವರು ನಾವು. ಮುಂದಿನ ಸಾಲಿನಲ್ಲಿ ನನ್ನ ದೊಡ್ಡವ್ವ, ಎಂದರೆ ಅಪ್ಪನ ಅಣ್ಣನ ಹೆಂಡತಿ. ಹಿಂದಿನ ಸಾಲಿನಲ್ಲಿ ನಾನು ಮತ್ತು ಬ್ಯಾಡಗಿಯಿಂದ ಬಂದ ಆಕೆಯ ಗೆಳತಿಯರು. ವರನನ್ನು ಬಿಟ್ಟರೆ ಗಂಡಸರೆಂದರೆ ಎಲ್ಲ ಕಾರ್ಯದಲ್ಲೂ ಬಾಗಿಲಿಗೇ ನಿಲ್ಲುವ ನಮ್ಮ ಸೋದರಮಾವ, ಮತ್ತೆ ಹಗಲು ಬಿಸಿಲಿನಲ್ಲೂ ದೊಡ್ಡ ಲೈಟು ಹಚ್ಚಿಕೊಂಡು ನಿಂತ ವಿಡಿಯೋದವನು.

ಸುರಗಿ ನೋಡದವರಿಗೆ ಒಂದು ಮಾತು ಹೇಳಬೇಕು. ಮಣೆಯ ನಾಲ್ಕೂ ಮೂಲೆಗೆ ನೀರು ತುಂಬಿದ ತಂಬಿಗೆ ಇಟ್ಟು, ಅವುಗಳ ಕೊರಳಿಗೆ ಬಿಳಿ ನೂಲನ್ನು ಐದು ಸುತ್ತು ಸುತ್ತುತ್ತಾರೆ. ಸುತ್ತಿಗೊಂದು ನುಡಿ ಹಾಡಬೇಕು. ಹಾಡು ಮುಗಿದು, ಆ ನೀರೆರೆದು, ನೂಲು ತೆಗೆಯುವ ತನಕ ಒಳಗಿದ್ದವರು ಏಳುವಂತಿಲ್ಲ, ಹೊರಗಿದ್ದವರು ಒಳಗೆ ಕಾಲಿಡುವಂತಿಲ್ಲ. ಕಿರುಬೆರಳಿನಿಂದ ಎಳೆದರೆ ಹರಿಯುವ ನೂಲು ಅದು. ದಾಟಿದವರನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ.

ದೊಡ್ಡವ್ವ ನನಗೆ ಹಾಡು ಕಲಿಸಿದ್ದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ತೊಟ್ಟು ಬಿಡಿಸುವ ಅಂಗಳದಲ್ಲಿ. ರಜೆ ಬಂತೆಂದರೆ ರಾಣೇಬೆನ್ನೂರಿನ ನಮ್ಮ ಮನೆಯಿಂದ ಬಸ್ಸು ಹತ್ತಿ ನಾನು ಆಕೆಯ ಹತ್ತಿರ ಹೋಗುತ್ತಿದ್ದೆ. ಕೆಂಪು ರಾಶಿಯ ಸುತ್ತ ಹೆಂಗಸರು ಕೂತು, ಬೆರಳು ಉರಿಯುತ್ತಿದ್ದರೂ ಕಣ್ಣು ಒರೆಸಿಕೊಳ್ಳದೆ ಹಾಡುತ್ತಿದ್ದರು. ದೊಡ್ಡವ್ವ ಒಂದು ಸಾಲು ಎತ್ತಿದರೆ ಉಳಿದವರು ಅದೇ ಸಾಲನ್ನು ಮರಳಿ ಹಾಡಬೇಕು. ಘಾಟಿಗೆ ಕೆಮ್ಮು ಬಂದು ಯಾರಾದರೂ ನಿಲ್ಲಿಸಿದರೆ ಆಕೆಗೆ ಸಿಟ್ಟು ಬರುತ್ತಿತ್ತು.

"ಹಾಡು ಹರೀಬಾರದು ನೋಡ್ರೆ. ಮುಂದಿನಾಕಿ ತಪ್ಪಿ ಬಾವ್ಯಾಗ ಬಿದ್ಲಂದ್ರ ಹಿಂದಿನವರೂ ಬೀಳಬೇಕು. ಮ್ಯಾಲ ಬಂದಮ್ಯಾಲ ಬೇಕಾದ್ರ ಬೈರಿ."

ನಾವೆಲ್ಲ ನಗುತ್ತಿದ್ದೆವು. ನಗುತ್ತ ನಗುತ್ತಲೇ ಅದು ನಮಗೆ ಕಾಯಿದೆಯಾಗಿಬಿಟ್ಟಿತ್ತು.

ಇನ್ನು ಮನೆಯ ಗುಟ್ಟು. ಎರಡು ವರ್ಷದ ಹಿಂದೆ ತಂಗಿಗೆ ಗುತ್ತಲದ ಒಂದು ಮನೆಗೆ ನಿಶ್ಚಯವಾಗಿತ್ತು. ಸೀರೆ ತಂದಾಗಿತ್ತು, ದೊಡ್ಡವ್ವ ಸುರಗಿಯ ಹಾಡನ್ನೂ ಕಟ್ಟಿ ನಮ್ಮಿಂದ ಹಾಡಿಸಿಯಾಗಿತ್ತು. ಆಮೇಲೆ ಅವರೇ ಬೇಡವೆಂದರು, ಕಾರಣವನ್ನೂ ಹೇಳಲಿಲ್ಲ. ಹಲಗೇರಿಯವರು ಬಂದಾಗ "ಮೊದಲ ಹೇಳಿಬಿಡ್ರಿ, ನನಗ ಜೀವ ಹಗುರಾಗತೈತಿ" ಎಂದು ತಂಗಿ ಅಂಗಲಾಚಿದಳು. ಮಾವ ಒಪ್ಪಲಿಲ್ಲ.

"ಅವರು ಕೇಳಿದ್ರ ಹೇಳೋಣು. ಕೇಳದಿದ್ರ ನಾವಾಗೇ ಯಾಕ ಹೇಳಬೇಕು? ಹೊಲ ಮಾರಾಗ ಇಲ್ಲೊಂದು ಹಾವಿತ್ತು ಅಂತ ಯಾರರ ಹೇಳ್ತಾರೇನು?"

ಅವತ್ತಿನಿಂದ ಮನೆಯಲ್ಲಿ ಗುತ್ತಲ ಎಂಬ ಊರೇ ಇಲ್ಲವಾಯಿತು. ಗುತ್ತಲದ ಬಸ್ಸು ಎದುರಿಗೆ ಬಂದರೂ ತಂಗಿ ತಲೆ ತಗ್ಗಿಸುತ್ತಿದ್ದಳು.

ಸುರಗಿ ಶುರುವಾಯಿತು. ನಾಲ್ಕು ಸುತ್ತು ಚಂದಾಗಿ ಸಾಗಿದವು. ನೂಲು ಹಿಡಿದ ಹೆಂಗಸು ಕೊನೆಯ ಸುತ್ತಿಗೆ ಹೊರಟಳು. ಹೆಣ್ಣು ಹೋಗುವ ಊರಿನ ಹೆಸರು ಬರುವುದು ಈ ಕೊನೆಯ ನುಡಿಯಲ್ಲೇ. ವಾರವಿಡೀ ರಾಣೇಬೆನ್ನೂರಿನಲ್ಲಿ ನಾವು ಅದನ್ನು ಹಲಗೇರಿ ಎಂದೇ ಹಾಡಿದ್ದೆವು. ದೊಡ್ಡವ್ವ ಕಣ್ಣು ಮುಚ್ಚಿ ಎತ್ತಿದಳು:

ತಾಯಿ ತುಂಬಿದ ಉಡಿಯ ಎದಿಗವಚಿ ಹೊಂಟಾಳ
ಗುತ್ತಲದ ಹೊಸ್ತಿಲಕ ಹಣಿಹಚ್ಚಿ ನಿಂತಾಳ

ನನ್ನ ಬಾಯಿ ಅರ್ಧಕ್ಕೆ ತೆರೆದು ಹಾಗೆಯೇ ನಿಂತಿತು. ಮರಳಿ ಹಾಡಿದರೆ ಆ ಊರಿನ ಹೆಸರನ್ನು ನಾವೆಲ್ಲ ಸೇರಿ ಅಂಗಳದ ತುಂಬ ಕೂಗಿದಂತೆ. ಸುಮ್ಮನಾದರೆ ಮಂಗಳಕಾರ್ಯದಲ್ಲಿ ಹಾಡು ಹರಿದಂತೆ. ತಂಗಿಯ ಕಡೆ ನೋಡಿದೆ. ನೂಲಿನೊಳಗೆ ಕೂತವಳು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದಳು. ಎದ್ದು ಹೋಗಲಿಕ್ಕೆ ಅವಳಿಗೆ ಜಾಗವಿಲ್ಲ. ನನಗೂ ಇರಲಿಲ್ಲ.

ಸಾಲು ಬಿಟ್ಟು, ಪ್ರತಿ ಸಾಲಿನ ಕೊನೆಗೆ ಬರುವ ಸೊಲ್ಲನ್ನಷ್ಟೇ ಹಿಡಿದೆ. "ಸೋಬಾನವೇ, ಸೋಬಾನವೇ." ಹಿಂದಿನ ಸಾಲಿನವರು ಹೀಗೆ ಬರೀ ಸೊಲ್ಲು ಹೇಳಿದರೆ ಮುಂದಿನವಳು ಆ ಸಾಲನ್ನು ಇನ್ನೊಮ್ಮೆ ನೋಡಿಕೊಳ್ಳಬೇಕು ಎಂದು ಅರ್ಥ. ಅದನ್ನೂ ಆಕೆಯೇ ಕಲಿಸಿದ್ದಳು. ನನ್ನ ಜೊತೆಗಿದ್ದವರೂ ಸೊಲ್ಲು ಹಿಡಿದರು.

ದೊಡ್ಡವ್ವನಿಗೆ ಬೇರೆಯೇ ತಿಳಿಯಿತು. ಹಿಂದಿನವರಿಗೆ ಸಾಲು ಮರೆತಿದೆ ಎಂದುಕೊಂಡಳು. ಕಣ್ಣು ತೆರೆಯದೆ, ನಮಗೆ ನೆನಪು ಮಾಡಿಕೊಡುವಂತೆ, ದನಿ ಏರಿಸಿ, ಬಿಡಿಸಿ ಬಿಡಿಸಿ ಹಾಡಿದಳು: "ಗುತ್ತಲದಾ... ಹೊಸ್ತಿಲಕಾ..."

ಲೈಟು ಹೊತ್ತವನು ಬೀಗತಿಯ ಕಡೆ ತಿರುಗಿದ.

"ಗುತ್ತಲ ಎಲ್ಲಿಂದ ಬಂತವ್ವ ನಡುವ?" ಎಂದರು ಬೀಗತಿ.

ಮಾವ ಬಾಗಿಲಿನಿಂದ ಹಾರಿಬಂದ. "ಅದು ಹಾಡಿನೊಳಗಿನ ಊರು ರೀ ಅಕ್ಕಾರ. ಗುತ್ತಲ ಹೊಳಿ ಕಡೆ ಐತೆಲ್ಲ? ಹಿಂದಿನವರು ಹೊಳಿಗಂಗವ್ವನ ನೆನಸಿ ಹಾಡ್ಯಾರ."

"ಹೌದ್ರಿ, ನಮ್ಮ ಕಡೆ ಯಾರ ಮದವಿ ಇದ್ರೂ ಗುತ್ತಲನ" ಎಂದಳು ನನ್ನ ಪಕ್ಕದವಳು, ಪಾಪ, ಒಳ್ಳೆಯ ಮನಸ್ಸಿನಿಂದಲೇ.

"ಹಂಗಾದ್ರ ಹಿಂದಿನ ಸಾಲಿನವರು ಬರೇ ಸೊಲ್ಲು ಯಾಕ ಹಿಡದ್ರಿ? ನಾನೂ ಸೋಬಾನ ಹಾಡಿದಾಕೀನ ಅದೇನಿ."

ನೂಲು ಹಿಡಿದವಳು ಮೂರನೆಯ ತಂಬಿಗೆಯ ಹತ್ತಿರ ಬಗ್ಗಿದವಳು ಬಗ್ಗಿಯೇ ಇದ್ದಳು. ದೊಡ್ಡವ್ವ ಈಗ ಕಣ್ಣು ತೆರೆದು, ತಿರುಗಿ ನನ್ನನ್ನೇ ನೋಡಿದಳು.

"ನಾ ಏನ್ ಹಾಡಿದೆ? ಖರೇ ಹೇಳು."

ಮಾವ ನನಗೆ ಕಣ್ಸನ್ನೆ ಮಾಡುತ್ತಿದ್ದ. ಹಾಡಿನ ಊರೇ ಅದು ಎಂದರೆ ದೊಡ್ಡವ್ವನ ಮಾನ ಉಳಿಯುತ್ತಿತ್ತು. ಆದರೆ ತಂಗಿ ಆ ಸುಳ್ಳನ್ನು ಉಡಿಯಲ್ಲಿ ಕಟ್ಟಿಕೊಂಡು ಹಲಗೇರಿಗೆ ಹೋಗಬೇಕಿತ್ತು, ಅಲ್ಲೂ ದಿನಾ ತಲೆ ತಗ್ಗಿಸಬೇಕಿತ್ತು. ಹೌದೆಂದರೆ, ನನಗೆ ಹಾಡು ಕೊಟ್ಟವಳನ್ನು ಬೀಗರ ಮುಂದೆ ನಾನೇ ಇಳಿಸಿದಂತೆ, ಮದುವೆಯೂ ನಿಂತರೆ ನಿಂತೀತು.

"ಗುತ್ತಲ ಅಂದಿ, ದೊಡ್ಡವ್ವ. ಹಲಗೇರಿ ಅನ್ನಬೇಕಿತ್ತು."

ದೊಡ್ಡವ್ವ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಕೈ ತೆಗೆದು, ಕೂತಲ್ಲಿಂದಲೇ ಬೀಗತಿಯ ಕಡೆ ಹೊರಳಿದಳು.

"ತಪ್ಪು ನಂದವ್ವ. ಹಾಡಿನ ಊರೂ ಅಲ್ಲ, ಹೊಳೀನೂ ಅಲ್ಲ. ಮೊದಲ ಈ ಕೂಸಿಗೆ ಗುತ್ತಲದಾಗ ನಿಶ್ಚಯ ಆಗಿತ್ತು. ಅವರ ಬಿಟ್ರು, ಇಕೀದೇನೂ ತಪ್ಪಿಲ್ಲ. ಆವಾಗ ಕಟ್ಟಿದ ಹಾಡು ನನ್ನ ಬಾಯಾಗ ಉಳದಿತ್ತು. ನಿಮಗ ಹೇಳಬೇಕಿತ್ತು, ಹೇಳಲಿಲ್ಲ."

ಬೀಗತಿ ಮಗನ ಕಡೆ ನೋಡಿದರು. "ನಿನಗ ಗೊತ್ತಿತ್ತೇನೋ?"

"ಗೊತ್ತಿತ್ತು ಯವ್ವಾ. ಆಕೀನ ಫೋನಿನ್ಯಾಗ ಹೇಳಿದ್ಲು."

ನಾವೆಲ್ಲ ತಂಗಿಯ ಕಡೆ ತಿರುಗಿದೆವು. ಅವಳು ಮೊದಲ ಸಲ ಮುಖ ಎತ್ತಿದ್ದಳು.

"ಮತ್ತ ನನಗ್ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲ."

ಮಾವನಿಗೆ ಅಲ್ಲಿ ಕೆಮ್ಮು ಬಂತು. ನಗುವ ಹೊತ್ತು ಅದಾಗಿರಲಿಲ್ಲ. ಮದುಮಕ್ಕಳ ಮುಖದ ಮೇಲಿನ ಅರಿಶಿನ ಒಣಗಿ ಬಿರಿಯತೊಡಗಿತು. ಸ್ಟೇಷನ್ನಿನಲ್ಲಿ ಒಂದು ಗಾಡಿ ಬಂದು, ನಿಂತು, ಹೋಯಿತು. ಅದು ಹೋದ ಮೇಲೂ ಬೀಗತಿ ಕೂತೇ ಇದ್ದರು. ಹೊರಗಿದ್ದ ನಮ್ಮನ್ನೆಲ್ಲ ಕೂಡ ಆ ನೂಲೇ ಸುತ್ತಿ ಹಿಡಿದಂತಿತ್ತು.

"ಎರಡೂ ಕಡೆ ಒಂದ ನಮೂನಿ ಮಂದಿ ಕೂಡೇರಿ" ಎಂದರು ಕೊನೆಗೆ. "ನಾ ಒಬ್ಬಾಕಿನ ಹುಚ್ಚಿ. ಇರಲಿ. ಸುರಗಿ ಅರ್ಧಕ್ಕ ಬಿಡೂದು ಬ್ಯಾಡ, ಹಾಡು ಮುಗಸ್ರಿ. ನೂಲು ಹಿಡದು ಬಗ್ಗಿ ನಿಂತಾಕಿ ಸೊಂಟ ಬಿದ್ದು ಹೋಗತೈತಿ."

ದೊಡ್ಡವ್ವ ಚಾಪೆಯ ಮೇಲೆ ಹಿಂದಕ್ಕೆ ಸರಿದು ನನ್ನ ಬೆನ್ನಿಗೆ ಕೈ ಹಚ್ಚಿದಳು. "ನೀ ಎತ್ತು."

ಎತ್ತಿದೆ. ಹಲಗೇರಿಯ ಹೊಸ್ತಿಲು ಬಂದಾಗ ಹೆಸರನ್ನು ಬಿಡಿಸಿ ಹಾಡಿದೆ. ಹಿಂದಿನಿಂದ ದೊಡ್ಡವ್ವನ ದನಿ ಆ ಸಾಲನ್ನು ಒಂದು ಅಕ್ಷರ ಬಿಡದೆ ಮರಳಿ ಹಾಡಿತು. ನೂಲು ಸುತ್ತು ಮುಗಿಸಿತು, ನೀರೆರೆದರು.

ಮದುವೆಯೇನೋ ಆಯಿತು. ಬೀಗತಿ ಮಾತ್ರ ಊಟದ ಪಂಕ್ತಿಯಲ್ಲೂ, ಹೆಣ್ಣು ಒಪ್ಪಿಸುವಾಗಲೂ ನಮ್ಮ ಜೊತೆ ಮಾತಾಡಲಿಲ್ಲ. ರಾಣೇಬೆನ್ನೂರಿಗೆ ಮರಳುವ ಟೆಂಪೋದಲ್ಲಿ ಖಾಲಿ ಪಾತ್ರೆಗಳ ನಡುವೆ ದೊಡ್ಡವ್ವನ ಮಗ್ಗುಲಿಗೆ ಕೂತಿದ್ದೆ. ಹಾವೇರಿ ದಾಟಿದ ಮೇಲೆ ಆಕೆ ಹೇಳಿದಳು:

"ಬಾವ್ಯಾಗ ಬೀಳಲಿಲ್ಲ ನೀ."

"ಬೀಳಬೇಕಿತ್ತೇನು?"

"ಬ್ಯಾಡವ್ವ. ಎಲ್ಲಾರೂ ಬಿದ್ರ ಹಗ್ಗ ಹಿಡಿಯವರ ಯಾರು? ಆದ್ರ ಮೊದಲನೇ ಸಲಾನ ತೊಡಿ ಚಿವುಟಬೇಕಿತ್ತು ನೀ. ಸೋಬಾನ ಸೋಬಾನ ಅಂತ ಸನ್ನಿ ಮಾಡಿದ್ರ ಮುದುಕಿಗೆ ತಿಳೀತೈತೇನು?"

ಮರುವರ್ಷ ಬಸುರಿ ತಂಗಿಗೆ ಕುಬಸ. ಹಸಿರು ಸೀರೆ, ಬಳೆ, ಬುತ್ತಿ ತೆಗೆದುಕೊಂಡು ಹಲಗೇರಿಗೆ ಹೊರಡುವ ಮುಂಚೆ ಬೀಗತಿಯಿಂದ ಫೋನು ಬಂತು. "ಹಾಡೋ ದೊಡ್ಡವ್ವನ್ನ ಬಿಟ್ಟು ಬರಬ್ಯಾಡ್ರಿ" ಎಂದಷ್ಟೇ ಹೇಳಿ ಇಟ್ಟರು. ಬ್ಯಾಡಗಿಗೆ ಹೋಗಿ ಆಕೆಯನ್ನು ಕರೆದುಕೊಂಡು ಬಂದೆವು. ಹಲಗೇರಿಯ ಪಡಸಾಲೆಯಲ್ಲಿ ಆಕೆಯನ್ನು ಮುಂದಿನ ಸಾಲಿಗೆ ಕೂರಿಸಿ, ಬೀಗತಿ ತಾವೇ ಹಿಂದಿನ ಸಾಲಿಗೆ ಬಂದು ನನ್ನ ಪಕ್ಕದಲ್ಲಿ ಕೂತರು. ಹಾಡಿನಲ್ಲಿ ಊರಿನ ಹೆಸರು ಬರುವಲ್ಲಿ ದೊಡ್ಡವ್ವ ಒಂದು ಗಳಿಗೆ ತಡೆದಳು. ಬೀಗತಿ ಕೈ ಮುಂದೆ ಚಾಚಿ, ಆಕೆಯ ತೊಡೆ ಚಿವುಟಿ, ಹಲಗೇರಿ ಎಂದು ಹಾಡಿಕೊಟ್ಟರು.