ಎಟ್ರುಸ್ಕನ್ ಗೋರಿಗಳಲ್ಲಿ ಬಿಟ್ಟುಬಂದ ಮಾವ

ಆ ದಿನ ನಿಜವಾಗಿ ಏನಾಯಿತು ಎಂದು ಕೇಳಿದರೆ, ನನಗೆ ಗೊತ್ತಿಲ್ಲ.

ಒಂದು ತಿಂಗಳ ಹಿಂದೆ ಕೇಳಿದ್ದರೆ ನಿಮಿಷ ನಿಮಿಷದ ವರದಿ ಕೊಡುತ್ತಿದ್ದೆ. ಈಗ ಅದರಲ್ಲಿ ಕಣ್ಣಾರೆ ಕಂಡದ್ದೆಷ್ಟು, ಆಮೇಲೆ ನಾನೇ ಕಟ್ಟಿಕೊಂಡದ್ದೆಷ್ಟು ಎಂದು ಬೇರ್ಪಡಿಸಲು ಕೂತರೆ ಲೆಕ್ಕ ಕೂಡುವುದಿಲ್ಲ. ಇಷ್ಟಂತೂ ನಿಜ. ಏಪ್ರಿಲ್ ತಿಂಗಳ ಒಂದು ಬುಧವಾರ, ನನ್ನ ಹೆಂಡತಿಯ ಅಪ್ಪನನ್ನು ಎರಡೂವರೆ ಸಾವಿರ ವರ್ಷ ಹಳೆಯ ಗೋರಿಗಳ ನಡುವೆ ಬಿಟ್ಟು ಒಂದು ಬಸ್ಸು ಹೊರಟಿತು. ಆ ಬಸ್ಸಿನಲ್ಲಿ ನಾನಿದ್ದೆ.

ಮೊದಲಿನಿಂದ ಹೇಳುತ್ತೇನೆ. ಉಪ್ಸಾಲಾದಲ್ಲಿ ನನ್ನ ಕೆಲಸ ಔಷಧಿ ಪ್ರಯೋಗಗಳ ಅಂಕಿಅಂಶಗಳಲ್ಲಿ ತಪ್ಪು ಹುಡುಕುವುದು. ಅಂದರೆ ಯಾರನ್ನೂ ನಂಬದೇ ಇರುವುದಕ್ಕೆ ನನಗೆ ಸಂಬಳ. ಇಲ್ಲಿಯ ಚಳಿಗಾಲ ಕಳೆಯಲು ಸ್ವೀಡಿಷರು ಒಂದು ಉಪಾಯ ಮಾಡಿಕೊಂಡಿದ್ದಾರೆ. ವಾರಕ್ಕೊಮ್ಮೆ ಹತ್ತಿಪ್ಪತ್ತು ಜನ ಸೇರಿ, ಕಾಫಿ ಕುಡಿಯುತ್ತಾ, ಏನನ್ನಾದರೂ ಕಲಿಯುತ್ತಾರೆ. ನನ್ನ ಸ್ವೀಡಿಷ್ ಸುಧಾರಿಸಲಿ ಎಂದು ನಾನೂ ಒಂದಕ್ಕೆ ಸೇರಿದೆ. ವಿಷಯ: ರೋಮನ್ನರಿಗಿಂತ ಮೊದಲು ಇಟಲಿಯಲ್ಲಿ ಮೆರೆದ ಎಟ್ರುಸ್ಕನ್ ಜನ. (ಅಡುಗೆ ತರಗತಿ ಭರ್ತಿಯಾಗಿತ್ತು.) ವಸಂತ ಬಂದಮೇಲೆ ಎಲ್ಲರೂ ಸೇರಿ ರೋಮಿಗೆ ಹೋಗುವುದು, ಅಲ್ಲಿಂದ ಒಂದು ದಿನ ಬಸ್ಸಿನಲ್ಲಿ ಎಟ್ರುಸ್ಕನ್ ಜಾಗಗಳನ್ನು ನೋಡಿ ಬರುವುದು ಎಂದಾಯಿತು. ನಮ್ಮ ಮುಖ್ಯಸ್ಥೆ ಗುನಿಲ್ಲಾ, ನಿವೃತ್ತ ಇತಿಹಾಸ ಟೀಚರ್. ನಾನು, ಹೆಂಡತಿ ಸುಮಾ, ಮಗಳು ಹೊರಟೆವು. ಮೂರು ತಿಂಗಳ ವೀಸಾದಲ್ಲಿ ದಾವಣಗೆರೆಯಿಂದ ಬಂದಿದ್ದ ಮಾವನೂ ಹೊರಟರು.

ಮಾವ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ನನ್ನನ್ನು ಕರೆಯುವುದು "ಡಾಕ್ಟ್ರೇ" ಎಂದು. ನನ್ನ ಪಿಎಚ್‌ಡಿಯ ಮೇಲಿನ ಗೌರವವೋ ಗೇಲಿಯೋ, ಮದುವೆಯಾಗಿ ಹನ್ನೊಂದು ವರ್ಷವಾದರೂ ತಿಳಿದಿಲ್ಲ.

ಇಲ್ಲಿ ಒಂದು ಪದ್ಧತಿ ಹೇಳಬೇಕು. ಸ್ವೀಡಿಷ್ ಪ್ರವಾಸದ ಬಸ್ಸಿನಲ್ಲಿ ಗುನಿಲ್ಲಾ ತಲೆ ಎಣಿಸುವುದಿಲ್ಲ. ಹೊರಡುವ ಮುಂಚೆ ಮೈಕಿನಲ್ಲಿ ಒಂದೇ ಪ್ರಶ್ನೆ: "ಯಾರಿಗಾದರೂ ಪಕ್ಕದವರು ಕಾಣುತ್ತಿಲ್ಲವೇ?" ಯಾರೂ ಬಾಯಿ ಬಿಡದಿದ್ದರೆ ಬಸ್ಸು ಹೊರಡುತ್ತದೆ. ನಮ್ಮಲ್ಲಿ ಆಗಿದ್ದರೆ? "ಇನ್ನೊಬ್ರು ಬರ್ಬೇಕು ರೀ", "ಹೋಲ್ಡಾನ್", "ಅಜ್ಜಿ ಹತ್ತಿದ್ರಾ?" ಎಂದು ಬಸ್ಸಿಡೀ ಕೂಗುತ್ತಿತ್ತು. ಇಲ್ಲಿ ಮೌನವೇ ಹಾಜರಿ.

ನಮ್ಮ ಮಾವನಿಗೆ ಪಕ್ಕದವರೇ ಇರಲಿಲ್ಲ. ಇಲ್ಲದ ಹಾಗೆ ಮಾಡಿದ್ದು ನಾನು. ಆ ಬೆಳಿಗ್ಗೆ ಮಗಳಿಗೆ ಜ್ವರ ಬಂದು ಸುಮಾ ಅವಳ ಜೊತೆ ರೋಮಿನ ಹೋಟೆಲಿನಲ್ಲೇ ಉಳಿದಳು. ಬಸ್ಸು ಹತ್ತಿದವರು ಅಳಿಯ, ಮಾವ ಇಬ್ಬರೇ. ಮಾವನ ಪಕ್ಕ ಅಳಿಯ ಭುಜಕ್ಕೆ ಭುಜ ತಾಗಿಸಿಕೊಂಡು ಕೂರುವುದೇ? ಡ್ರೈವರ್ ಹಿಂದಿನ ಜೋಡಿ ಸೀಟನ್ನು ಪೂರ್ತಿ ಅವರಿಗೆ ಬಿಟ್ಟುಕೊಟ್ಟು, ನಾಲ್ಕು ಸಾಲು ಹಿಂದೆ, ಲೆನ್ನಾರ್ಟ್ ಎಂಬ ನಿವೃತ್ತ ದಂತವೈದ್ಯರ ಪಕ್ಕ ಕೂತೆ. ಮರ್ಯಾದೆ! (ನಾಲ್ಕು ಸಾಲಿನಷ್ಟು ನೆಮ್ಮದಿಯೂ ಬೇಕಿತ್ತು. ಸುಮಾ ಇದನ್ನು ಓದುತ್ತಾಳೆ. ಇರಲಿ.)

ಮೊದಲ ಜಾಗ ಚೆರ್ವೆತೆರಿ. ದುಂಡನೆಯ ದೊಡ್ಡ ದೊಡ್ಡ ಕಲ್ಲಿನ ಗುಡ್ಡೆಗಳು, ಮೇಲೆ ಹುಲ್ಲು. ನಡುವೆ ಬೀದಿಗಳು, ಕಲ್ಲಿನ ಮೇಲೆ ಗಾಡಿಯ ಚಕ್ರ ಕೊರೆದ ಗುರುತು. ಒಳಗೆ ಇಳಿದರೆ ಮನೆ! ನಡುಮನೆ, ಕೋಣೆ, ಸತ್ತವರಿಗೆ ಕಲ್ಲಿನ ಮಂಚ, ಮಂಚಕ್ಕೆ ಕಲ್ಲಿನ ದಿಂಬು. ಗುನಿಲ್ಲಾ ಪಿಸುದನಿಯಲ್ಲಿ ವಿವರಿಸುತ್ತಿದ್ದರು. ಎಲ್ಲರೂ ಚಾವಣಿ ನೋಡುತ್ತಿದ್ದರು. ಮಾವ ನೆಲ ನೋಡುತ್ತಿದ್ದರು.

"ಡಾಕ್ಟ್ರೇ, ಇಲ್ಲಿ ಬರ್ರಿ! ಈ ಚರಂಡಿ ಇಳಿಜಾರು ನೋಡಿ. ಲೆವೆಲ್ ಮಷೀನ್ ಇಲ್ದೆ ಹೆಂಗ್ ತೆಗೆದ್ರು? ಆಯಮ್ಮನ್ನ ಕೇಳಿ, ನೀರು ಕೊನೆಗೆ ಎಲ್ಲಿಗೆ ಬಿಡ್ತಿದ್ರು ಅಂತ."

ಕೇಳಿದೆ. ಗುನಿಲ್ಲಾಗೆ ಗೊತ್ತಿರಲಿಲ್ಲ. ಮುಂದಿನ ಗೋರಿಯಲ್ಲಿ ಮತ್ತೆ ಚರಂಡಿ, ಮತ್ತೆ ಪ್ರಶ್ನೆ. ಮೂರನೆಯ ಸಲ ನಾನು ಅನುವಾದ ಮಾಡುವಾಗ ಸ್ವೀಡಿಷರು ಗಡಿಯಾರ ನೋಡಿಕೊಂಡರು, ನೋಡಿಯೇ ಇಲ್ಲವೆಂಬಂತೆ. ನನ್ನ ಕಿವಿ ಬಿಸಿಯಾಯಿತು. ಹನ್ನೊಂದೂವರೆಗೆ ಬಸ್ಸು ಎಂದರೆ ಇವರಿಗೆ ಹನ್ನೊಂದು ಇಪ್ಪತ್ತೈದು. ಐದು ವರ್ಷ ಇವರ ದೇಶದಲ್ಲಿ ಒಂದು ಸಲವೂ ತಡ ಮಾಡದೆ ಗಳಿಸಿದ ಹೆಸರು ಒಂದು ಚರಂಡಿಯಲ್ಲಿ ಹರಿದುಹೋಗುತ್ತಿದೆಯಲ್ಲ ಎನ್ನಿಸಿತು.

ಇಲ್ಲಿಂದ ಮುಂದೆ ನನ್ನ ನೆನಪು ಹೀಗಿದೆ. ನಾನು ಬಸ್ಸು ಹತ್ತಿದೆ. ಗುನಿಲ್ಲಾ ಪ್ರಶ್ನೆ ಕೇಳಿದರು. ಲೆನ್ನಾರ್ಟ್ ನನ್ನತ್ತ ನೋಡಿದರು, ನಾನು ಇದ್ದೆ. ನಾನು ಮುಂದಿನ ಸೀಟಿನತ್ತ ನೋಡಿದೆ, ಮಾವನ ಬೂದು ಶಾಲು ಕಂಡಿತು. ನಿದ್ದೆ ಹೋಗಿದ್ದಾರೆ ಎಂದುಕೊಂಡೆ. ಬಸ್ಸು ಹೊರಟಿತು.

ಮುಂದಿನ ಜಾಗ ತಾರ್ಕ್ವೀನಿಯಾ. ಅಲ್ಲಿ ಊಟದ ಪೊಟ್ಟಣ ಹಂಚುವಾಗ ಸಸ್ಯಾಹಾರಿಗಳ ಎರಡರಲ್ಲಿ ಒಂದು ಉಳಿಯಿತು.

"ನಿಮ್ಮ ಮಾವ ಎಲ್ಲಿ?" ಎಂದರು ಗುನಿಲ್ಲಾ.

"ಬಸ್ಸಿನಲ್ಲಿ ಮಲಗಿದ್ದಾರೆ."

ಬಸ್ಸಿನಲ್ಲಿ ಶಾಲು ಮಲಗಿತ್ತು. ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುವ ಹಾಗೆ, ಮಾವ ಇಳಿಯುವಾಗ ಸೀಟಿನ ಬೆನ್ನಿಗೆ ಶಾಲು ಹೊದಿಸಿ ಹೋಗಿದ್ದರು. ಇನ್ನೊಬ್ಬರ ಸೀಟಿನಲ್ಲಿ ಸತ್ತರೂ ಕೂರದ ಜನರ ಬಸ್ಸಿನಲ್ಲಿ!

ಮಾವನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿದ್ದಾರೆ. ಹೊತ್ತಿಗೆ ಊಟ ಸಿಗದಿದ್ದರೆ ಬೆವರುತ್ತಾರೆ, ಒಮ್ಮೆ ಊರಿನಲ್ಲಿ ಬಿದ್ದೂ ಇದ್ದಾರೆ. ಅವರ ಮೊಬೈಲು ಇಟಲಿಯಲ್ಲಿ ಕೆಲಸ ಮಾಡುತ್ತಿರಲಿಲ್ಲ. ಬಸ್ಸು ತಿರುಗಿತು. ಒಬ್ಬರೂ ಏನೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಮುಕ್ಕಾಲು ಗಂಟೆ ನಾನು ಏನು ಯೋಚಿಸುತ್ತಿದ್ದೆ? ಮಾವನ ಜೀವದ ಬಗ್ಗೆ ಎಂದು ಬರೆಯಲು ಆಸೆ. ಆದರೆ ಸುಮಾಳಿಗೆ ಏನು ಹೇಳಲಿ ಎಂಬ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ.

ಮಾವ ಟಿಕೆಟ್ ಕೌಂಟರಿನ ಬೆಂಚಿನ ಮೇಲೆ ಆರಾಮಾಗಿ ಕೂತಿದ್ದರು. ಕಾವಲುಗಾರ ಸುಲಿದು ಕೊಟ್ಟ ಕಿತ್ತಳೆ ತಿನ್ನುತ್ತಾ, ಅವನಿಗೆ ಕಡ್ಡಿಯಿಂದ ಮಣ್ಣಿನ ಮೇಲೆ ಕಾಲುವೆ ಬರೆದು ತೋರಿಸುತ್ತಿದ್ದರು.

"ಬಂದ್ರಾ? ಹೇಳೋದು ಮರ್ತ್ರಾ ಏನು?"

"ಏನು ಹೇಳೋದು ಮಾವ?"

"ನೀವೇ ಅಂದ್ರಲ್ರೀ. ಆ ಕೊನೇ ಸಾಲು ನೋಡ್ಕೊಂಡು ಬನ್ನಿ ಮಾವ, ಬಸ್ಸು ನಿಲ್ಸೋಕೆ ನಾನು ಹೇಳ್ತೀನಿ ಅಂತ."

"ನಾನು ಹಾಗೆ ಅಂದೇ ಇಲ್ಲ!"

ಎಷ್ಟು ಗಟ್ಟಿಯಾಗಿ ಹೇಳಿದೆ ಎಂದರೆ ಕಾವಲುಗಾರ ಎದ್ದು ನಿಂತ.

ಉಪ್ಸಾಲಾಗೆ ವಾಪಸಾದ ಮೇಲೆ ಸುಮಾ ಇಬ್ಬರನ್ನೂ ಬೇರೆ ಬೇರೆ ಕೂರಿಸಿಕೊಂಡು ಕೇಳಿದಳು. ಎರಡು ಹೇಳಿಕೆ. ಒಂದು ಸುಳ್ಳಾಗಬೇಕು, ಇಲ್ಲವೇ ಒಂದು ನೆನಪು ಕೆಟ್ಟಿರಬೇಕು. ನನಗೆ ಮೂವತ್ತೊಂಬತ್ತು, ಮಾವನಿಗೆ ಅರವತ್ತೊಂಬತ್ತು. ಇದನ್ನೇ ಪುರಾವೆ ಎಂದು ಒಪ್ಪಿಕೊಂಡೆ. ಆಫೀಸಿನಲ್ಲಿ ಯಾರಾದರೂ ಇಂಥ ಪುರಾವೆ ತಂದಿದ್ದರೆ ಫೈಲು ವಾಪಸು ಕಳಿಸುತ್ತಿದ್ದೆ.

ಆಮೇಲೆ ಇನ್ನಷ್ಟು ಪುರಾವೆ ಕಲೆಹಾಕಿದೆ. ಮಾವ ಒಂದು ಸ್ಟಾಪ್ ಮೊದಲೇ ಬಸ್ಸಿಳಿದರು. ಕನ್ನಡಕ ಫ್ರಿಜ್ಜಿನ ಮೇಲಿಟ್ಟು ಮನೆಯೆಲ್ಲ ಹುಡುಕಿದರು. ನನ್ನನ್ನು ಒಮ್ಮೆ ಅವರ ತಮ್ಮನ ಹೆಸರಿನಿಂದ ಕರೆದರು. ಇವೆಲ್ಲ ನಾನೂ ಮಾಡುತ್ತೇನೆ ಎಂಬುದನ್ನು ಮಾತ್ರ ಪಟ್ಟಿಗೆ ಸೇರಿಸಲಿಲ್ಲ. ಅಡುಗೆಮನೆಯಲ್ಲಿ ಸುಮಾಳಿಗೆ ಹೇಳಿದೆ, "ಅಪ್ಪನಿಗೆ ಮರೆವು ಶುರುವಾಗಿದೆ ಅನ್ಸುತ್ತೆ. ಊರಿಗೆ ಹೋದಮೇಲೆ ಡಾಕ್ಟರಿಗೆ ತೋರ್ಸೋದು ಒಳ್ಳೇದು."

ಬಾಡಿಗೆ ಫ್ಲ್ಯಾಟಿನ ಗೋಡೆಗಳು ತೆಳು.

ಮರುದಿನ ಮಾವ ಒಂದು ಪುಟ್ಟ ನೋಟ್‌ಬುಕ್ ಕೇಳಿ ಪಡೆದರು. ಮೇಜಿನ ಮೇಲೆ ತೆರೆದಿದ್ದಾಗ ನೋಡಿದೆ. "ಮಾತ್ರೆ ತಗೊಂಡೆ. ಒಲೆ ಆರಿಸಿದೆ. ಬಾಗಿಲು ಎರಡು ಸಲ ನೋಡಿದೆ." ಒಂದು ತಾಲ್ಲೂಕಿನ ಅಷ್ಟೂ ಕಾಲುವೆಗಳ ಲೆವೆಲ್ ತಲೆಯಲ್ಲಿ ಇಟ್ಟುಕೊಂಡಿದ್ದ ಮನುಷ್ಯ! ಪ್ರಶ್ನೆ ಕೇಳುವುದು ನಿಂತಿತು. "ಡಾಕ್ಟ್ರೇ" ನಿಂತಿತು. ಏನು ಹೇಳಿದರೂ ಕೊನೆಗೊಂದು ಬಾಲ: "ನಾನು ಹೇಳಿದ್ದು ಸರಿ ಇರ್ಲಿಕ್ಕಿಲ್ಲ ಬಿಡಿ."

ನನಗೋ ಸೈಕಲ್ ಮೇಲೆ ಆಫೀಸಿಗೆ ಹೋಗುವಾಗಲೆಲ್ಲ ಅದೇ ಬಸ್ಸು, ಅದೇ ಶಾಲು. ವಿಚಿತ್ರವೆಂದರೆ ಆ ಶಾಲು ದಿನದಿಂದ ದಿನಕ್ಕೆ ಸ್ಪಷ್ಟವಾಗುತ್ತಾ ಹೋಯಿತು. ಮೊದಲ ವಾರ ಬರೀ ಬೂದು ಬಣ್ಣ. ಎರಡನೆಯ ವಾರ ಅಂಚು ಕಂಡಿತು. ಮೂರನೆಯ ವಾರ ಅದು ಮೆಲ್ಲಗೆ ಉಸಿರಾಡುತ್ತಿತ್ತು! ದಿನ ಕಳೆದಂತೆ ಅಂದವಾಗುವ ಅಂಕಿಅಂಶವನ್ನು ಯಾರೋ ತಿದ್ದಿದ್ದಾರೆ ಎಂದೇ ಅರ್ಥ. ಹೊಸಬರಿಗೆ ನಾನು ಕಲಿಸುವ ಮೊದಲ ಪಾಠವೇ ಅದು.

ಕಳೆದ ಭಾನುವಾರ ಮಧ್ಯಾಹ್ನ ಗುನಿಲ್ಲಾ ಮನೆಯಲ್ಲಿ ಫೀಕಾ. ಅಂದರೆ ಕಾಫಿ, ದಾಲ್ಚಿನ್ನಿ ಬನ್ನು, ಜೊತೆಗೆ ಎಲ್ಲರ ಪ್ರವಾಸದ ಫೋಟೊ. ಸುಮಾ ಮಗಳ ಜೊತೆ ಮನೆಯಲ್ಲೇ ಉಳಿದಳು. ಮಾವನೂ ಬರಲಿಲ್ಲ. "ನನ್ನ ನೋಡಿದ್ರೆ ಅವರಿಗೆ ಅದೇ ನೆನಪಾಗುತ್ತೆ, ನೀವು ಹೋಗ್ಬನ್ನಿ."

ಲೆನ್ನಾರ್ಟ್ ತಮ್ಮ ಹೊಸ ಡಿಜಿಟಲ್ ಕ್ಯಾಮೆರಾವನ್ನು ಟಿವಿಗೆ ಸಿಕ್ಕಿಸಿದರು. ಗೋರಿ, ಗೋರಿ, ಗುನಿಲ್ಲಾ, ಗೋರಿ. ಆಮೇಲೆ ಇದ್ದಕ್ಕಿದ್ದಂತೆ ಪರದೆ ಅಲುಗಾಡಿತು. ಗೊತ್ತಿಲ್ಲದೆ ವಿಡಿಯೊ ಗುಂಡಿ ಒತ್ತಿಕೊಂಡು ನಡೆದಿದ್ದರು ಮಹಾಶಯರು. ಹುಲ್ಲು, ಚಪ್ಪಡಿ, ಅವರದೇ ಬೂಟು. ಎಲ್ಲರೂ ನಕ್ಕರು. "ಬಸ್ಸಿನ ಕಡೆ ನಡೆಯೋಣ" ಎಂದು ಗುನಿಲ್ಲಾ ಧ್ವನಿ. ಅದರ ಹಿಂದೆ, ಸಣ್ಣಗೆ, ಕನ್ನಡ.

ಬನ್ನು ಕೈಯಲ್ಲೇ ಉಳಿಯಿತು.

"ಅದು ನಿಮ್ಮ ಭಾಷೆ ಅಲ್ಲವೇ?" ಗುನಿಲ್ಲಾ ಖುಷಿಯಿಂದ ತಿರುಗಿದರು. "ಏನು ಹೇಳುತ್ತಿದ್ದೀರಿ?"

ಆ ಕೋಣೆಯಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ.

"ಹವಾಮಾನದ ಬಗ್ಗೆ," ಎಂದೆ.

ಸ್ವೀಡಿಷರಿಗೆ ಇದಕ್ಕಿಂತ ನಂಬಲರ್ಹ ಉತ್ತರವಿಲ್ಲ. ಲೆನ್ನಾರ್ಟ್ ಮುಂದಿನ ಚಿತ್ರಕ್ಕೆ ಹೋದರು.

ಸೈಕಲ್ ತುಳಿಯುತ್ತಾ ವಾಪಸು ಬರುವಾಗ ನನ್ನ ಬುದ್ಧಿ ಕೆಲಸ ಶುರು ಮಾಡಿತು. ನಿಜವಾಗಿ ನನ್ನ ದನಿಯಲ್ಲಿ "ಬಸ್ಸು ನಿಲ್ಸೋಕೆ ನಾನು ಹೇಳ್ತೀನಿ" ಎಂದೇ ಕೇಳಿಸಿತಾ? ಒಂದು ತಿಂಗಳಿಂದ ತಲೆಯಲ್ಲಿ ಕೊರೆಯುತ್ತಿರುವ ಮಾತಲ್ಲವೇ, ಗಾಳಿಯ ಸದ್ದಿನಲ್ಲೂ ಅದೇ ಕೇಳಿಸಬಹುದು. ಸಾಕ್ಷಿ ದುರ್ಬಲ. ಸುಮ್ಮನಿರು. ಇಷ್ಟು ವರ್ಷ ನಾನು ಹೆಮ್ಮೆಯಿಂದ ಸಾಕಿಕೊಂಡ ಸಂಶಯ ಎಂಥ ಅನುಕೂಲಕ್ಕೊದಗುವ ಗೆಳೆಯ ನೋಡಿ! ಬಸ್ಸಿನಲ್ಲೂ ಸುಮ್ಮನಿದ್ದೆ. ಇಲ್ಲೂ?

ಮನೆಗೆ ಬಂದವನು ಶೂ ಬಿಚ್ಚುವ ಮೊದಲೇ ಹೇಳಿದೆ. "ಮಾವ, ಆ ಮಾತು ನಾನೇ ಅಂದಿರಬೇಕು."

ಮಾವ ನನ್ನನ್ನೇ ನೋಡಿದರು. "ಬಿಡ್ರಿ. ವಯಸ್ಸಾದೋರಿಗೆ ಸಮಾಧಾನ ಹೇಳೋದು ನಂಗೂ ಗೊತ್ತು. ನಮ್ಮಪ್ಪನಿಗೆ ನಾನೂ ಹಿಂಗೇ ಹೇಳ್ತಿದ್ದೆ."

"ಸಮಾಧಾನಕ್ಕಲ್ಲ ಮಾವ."

"ಮತ್ತೆ, ನಿಮಗೆ ನೆನಪಾಯ್ತಾ?"

ನೆನಪಾಗಿರಲಿಲ್ಲ. ಈ ಸಾಲು ಬರೆಯುವಾಗಲೂ ಆಗಿಲ್ಲ. ಕಣ್ಣು ಮುಚ್ಚಿದರೆ ಈಗಲೂ ಆ ಹಾಳು ಶಾಲೇ.

"ಇಲ್ಲ," ಎಂದೆ.

ಬಾಗಿಲಲ್ಲಿ ನಿಂತಿದ್ದ ಸುಮಾ ಕೇಳಿದಳು. "ಅಂದಿರಬೇಕು ಅಂದ್ರೆ ಏನು? ಅಂದ್ಯಾ, ಇಲ್ವಾ?"

ಮರುದಿನ ಆಫೀಸಿಗೆ ರಜೆ ಹಾಕಿ ಲೆನ್ನಾರ್ಟ್ ಮನೆಗೆ ಹೋದೆ. ಆ ವಿಡಿಯೊ ಯಾಕೆ ಬೇಕು ಎಂದು ಕೇಳಿದರು. ಹವಾಮಾನವಲ್ಲ ಎಂದು ಒಪ್ಪಿಕೊಂಡು ಎಲ್ಲ ಹೇಳಿದೆ. ಅವರು "ಕಾಫಿ ಕುಡಿಯುತ್ತೀರಾ?" ಎಂದರು. ಕುಡಿದು, ಕ್ಲಿಪ್ಪನ್ನು ಯುಎಸ್‌ಬಿಗೆ ಹಾಕಿಸಿಕೊಂಡು ಬಂದೆ. ಮನೆಯ ಕಂಪ್ಯೂಟರಿನ ಮುಂದೆ ಮಾವನನ್ನು ಕೂರಿಸಿ, ಸೌಂಡ್ ಪೂರ್ತಿ ಏರಿಸಿ, ಸುಮಾಳನ್ನೂ ಕರೆದು, ಮೂರು ಸಲ ಹಾಕಿದೆ.

ಮಾತು ನನ್ನದೇ. ಮಾವ ಹೇಳಿದ್ದಕ್ಕೂ ಕ್ಲಿಪ್ಪಿನಲ್ಲಿ ಇರುವುದಕ್ಕೂ ಒಂದಕ್ಷರದ ವ್ಯತ್ಯಾಸವಿಲ್ಲ. ಆದರೆ ಅದರ ನಂತರದ ಎರಡು ಸೆಕೆಂಡನ್ನು ಮಾವ ಈ ಒಂದು ತಿಂಗಳಲ್ಲಿ ಯಾರಿಗೂ ಹೇಳಿರಲಿಲ್ಲ. "ಮರೀಬೇಡ್ರಿ ಮತ್ತೆ," ಎನ್ನುತ್ತಾರೆ ಅವರು. ನಾನು ನಗುತ್ತೇನೆ.