ಎಡತುದಿಯ ಕೀ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಡಾಕ್ಟರುಗಳು ಓದಿ ಹೇಳಿದ ವರದಿಗಳನ್ನು ಕಿವಿಯಲ್ಲಿ ಕೇಳುತ್ತ ಟೈಪು ಮಾಡುವ ಕೋಣೆಯೊಂದಿದೆ. ಅಲ್ಲಿ ಗೋಡೆ ಬದಿಯ ಮೇಜಿನವನನ್ನು ಎಲ್ಲರೂ ಟಕಟಕಣ್ಣ ಎನ್ನುತ್ತಾರೆ. ಆ ಹೆಸರು ಬಂದದ್ದು ಅವನ ಕೀಬೋರ್ಡಿನಿಂದ. ಮಣಿಕಟ್ಟು ನೋಯತೊಡಗಿದ ವರ್ಷ ಅವನು ಅಂಗಡಿಯ ಕೀಬೋರ್ಡನ್ನು ಬದಿಗಿಟ್ಟು, ಎರಡು ಹೋಳಾಗಿ ಕೂರುವ ಒಂದನ್ನು ತಾನೇ ಬೆಸುಗೆ ಹಾಕಿ ಮಾಡಿಕೊಂಡ. ಅದರ ಹೊಟ್ಟೆಯಲ್ಲಿ ಕೂತು, ಯಾವ ಕೀ ಒತ್ತಿದರೆ ಏನು ಮೂಡಬೇಕೆಂದು ಹೇಳುವ ಫರ್ಮ್‌ವೇರನ್ನೂ ತಾನೇ ಬರೆದ. 'ಶ್ವಾಸಕೋಶದಲ್ಲಿ ದೋಷವಿಲ್ಲ, ಹೃದಯದ ಗಾತ್ರ ಸಹಜ' ಎಂಬಂಥ, ದಿನವಿಡೀ ಮರಳಿ ಬರುವ ವಾಕ್ಯಗಳನ್ನು ಒಂದೊಂದು ಕೀಗೆ ಕಟ್ಟಿಹಾಕಿದ. ಅದಕ್ಕೆ ಮ್ಯಾಕ್ರೋ ಎನ್ನುತ್ತಾರೆ. ಒಂದು ಬೆರಳು ತಗ್ಗಿದರೆ ಸಾಕು, ಇಡೀ ವಾಕ್ಯ ಎದ್ದು ನಿಲ್ಲುತ್ತದೆ.

ಆ ಕೋಡನ್ನು ಅವನು ಬಚ್ಚಿಟ್ಟುಕೊಳ್ಳಲಿಲ್ಲ. ತನ್ನಂತೆ ಕೀಬೋರ್ಡು ಕಟ್ಟುವ ಹತ್ತಾರು ಜನರ ಕೂಟಕ್ಕೆ ಹಂಚಿದ. ಹಂಚುವಾಗ ಹಾಕಿದ ಕಟ್ಟಳೆ ಒಂದೇ: ಸ್ವಂತದ ಮ್ಯಾಕ್ರೋಗಳು ಬೇರೆ ಫೈಲಿನಲ್ಲಿ ಮನೆಯಲ್ಲೇ ಇರಬೇಕು, ಎಲ್ಲರ ಕೋಡಿನೊಳಗೆ ಕಾಲಿಡಕೂಡದು. ಕೂಟದ ಲೆಕ್ಕದ ಮೇಷ್ಟ್ರು ಒಮ್ಮೆ ತಮ್ಮ ಪಾಸ್‌ವರ್ಡಿನ ಮ್ಯಾಕ್ರೋವನ್ನು ಹಾಗೇ ಹಂಚಿಬಿಟ್ಟಾಗ, ಇವನು ಎಲ್ಲರೆದುರು ಕೇಳಿದ್ದ: "ಒಳಬಟ್ಟೆನ ಯಾರಾದ್ರೂ ಬೀದಿ ತಂತಿ ಮೇಲೆ ಒಣಗ್ಹಾಕ್ತಾರೇನ್ರೀ ಮೇಷ್ಟ್ರೇ?" ಎಲ್ಲರೂ ನಕ್ಕಿದ್ದರು. ಮೇಷ್ಟ್ರು ಕನ್ನಡಕ ಒರೆಸಿಕೊಂಡಿದ್ದರು.

ಒಂದು ಶನಿವಾರ ಬೆಳಿಗ್ಗೆ ಅದೇ ಕೂಟದ ರಿಪೇರಿ ಅಂಗಡಿಯಾಕೆ ಫೋನು ಮಾಡಿದಳು.

"ಟಕಟಕಣ್ಣ, ನಿಮ್ಮ ಒಳಬಟ್ಟೆ ಬೀದೀಲಿ ಹಾರಾಡ್ತಿದೆ!"

"ಏನು ತಾಯಿ ಹಾಗಂದ್ರೆ?"

"ನಿಮ್ಮ ಹೊಸ ಕೋಡಲ್ಲಿ ಎಡತುದಿ ಕೀ ಒತ್ತಿದ್ರೆ 'ಅಕ್ಕಾ, ಓದಿದೆ. ನಗು ಬಂತು' ಅಂತ ಬರತ್ತೆ. ಇನ್ನೊಂದ್ಸಲ ಒತ್ತಿದ್ರೆ 'ಹೌದೇನಕ್ಕಾ! ಸಂಜೆ ಮಾತಾಡೋಣ.' ಮೂರನೇದಂತೂ ಇನ್ನೂ ಚೆನ್ನಾಗಿದೆ. 'ಅಕ್ಕಾ, ಡಾಕ್ಟ್ರು ಕರೀತಿದಾರೆ, ಆಮೇ' ಅಂತ ಅರ್ಧಕ್ಕೇ ನಿಂತ್ಹೋಗತ್ತೆ. ಅದೂ ಬೇಕಂತ್ಲೇ ಅಲ್ವಾ?" ಅವಳು ಬಿದ್ದು ಬಿದ್ದು ನಗುತ್ತಿದ್ದಳು.

ಅವನ ಕಿವಿ ಬಿಸಿಯಾಯಿತು.

"ಕೋಡಿಂದ ತೆಗೆದ್ಹಾಕಿದೀನಿ ಬಿಡಿ. ಆದ್ರೆ ಅಣ್ಣಾ..." ಅವಳ ನಗು ನಿಂತಿತು. "ನಿನ್ನೆ ನಿಮ್ಮಕ್ಕಂಗೆ ಕೊಟ್ಟ ಕೀಬೋರ್ಡಿಗೂ ಅದನ್ನೇ ತುಂಬಿಬಿಟ್ಟಿದೀನಿ."

ಅಮ್ಮ ಹೋದ ಮೇಲೆ ಅವನನ್ನು ಸಾಕಿದ್ದು ಅಕ್ಕನ ಹೊಲಿಗೆ ಯಂತ್ರ. ಈಗಲೂ ಅವಳು ಅದೇ ಹೊಲಿಗೆ ಅಂಗಡಿ ನಡೆಸುತ್ತಿದ್ದಳು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗಡಿಯ ಕಂಪ್ಯೂಟರಿನಿಂದ ತಮ್ಮನಿಗೆ ಉದ್ದುದ್ದ ಬರೆದು ಕಳಿಸುತ್ತಿದ್ದಳು: ಯಾರ ಸೊಂಟ ಎಷ್ಟು ಉಬ್ಬಿತು, ಯಾವ ಮದುಮಗ ಅಳತೆ ಕೊಡುವಾಗ ಉಸಿರು ಬಿಗಿಹಿಡಿದ. ಮೊದಮೊದಲು ಅವನು ಓದಿ ನಕ್ಕಿದ್ದ. ವರದಿಗಳು ರಾಶಿಬಿದ್ದ ಒಂದು ದಿನ ಉತ್ತರವನ್ನು ಕೀಗೆ ಕಟ್ಟಿದ. ಆಮೇಲೆ ಓದುವುದೂ ತಪ್ಪಿತು. ದಿನವೂ ಒಂದೇ ಉತ್ತರ ಹೋದರೆ ಅನುಮಾನ ಬಂದೀತೆಂದು ಮೂರನ್ನು ಸರದಿಗೆ ಹಚ್ಚಿದ. ಕೈ ಕೆಸರು ಮಾಡಿಕೊಳ್ಳದೆಯೇ ಬಾಯಿ ಮೊಸರು. ಆ ಸರದಿ ಸರಿಯಾಗಿ ತಿರುಗುತ್ತದೆಯೇ ಎಂದು ನೋಡಲು ಹಂಚುವ ಫೈಲಿನಲ್ಲೇ ಬರೆದು, ನಾಳೆ ತೆಗೆದರಾಯಿತು ಎಂದುಕೊಂಡು ಮರೆತಿದ್ದ.

ಅಕ್ಕನ ಬಲಗೈ ಬೆರಳುಗಳು ಮರಗಟ್ಟುತ್ತಿದ್ದವು. ಎಡಗೈಯೊಂದರಲ್ಲೇ ಟೈಪು ಮಾಡುವ ಕೀಬೋರ್ಡು ಬೇಕೆಂದು ಅವಳು ಫೋನು ಮಾಡಿ ಕೇಳಿದಾಗ, ಅದನ್ನು ಕಟ್ಟುವ ಕೆಲಸವನ್ನೂ ಅವನು ರಿಪೇರಿ ಅಂಗಡಿಯಾಕೆಗೆ ದಾಟಿಸಿದ್ದ.

ಅಕ್ಕ ಆ ಕೀ ಒತ್ತುವ ಮೊದಲು ಕೀಬೋರ್ಡನ್ನು ಕಿತ್ತು ತರಬೇಕು. ದಾರಿಯುದ್ದಕ್ಕೂ ಒಂದು ಸುಳ್ಳನ್ನು ಮಡಿಸಿ ಇಸ್ತ್ರಿ ಮಾಡಿಕೊಂಡು ಅಂಗಡಿಗೆ ಹೋದ.

"ಇದೇನೋ, ಹೀಗೆ ಏದುಸಿರು ಬಿಟ್ಕೊಂಡು ಬಂದೆ?" ಅಕ್ಕ ಕುರ್ಚಿ ಎಳೆದಳು.

"ಕೀಬೋರ್ಡಲ್ಲಿ ಒಂದು ಸಣ್ಣ ತೊಂದ್ರೆ ಇದೆಯಂತಕ್ಕ. ತಗೊಂಡ್ಹೋಗಿ ಸಂಜೆಗೆ ತಂದ್ಕೊಡ್ತೀನಿ."

"ತೊಂದ್ರೆ ಏನೂ ಇಲ್ವಲ್ಲೋ. ಎಲ್ಲಾ ಕೀನೂ ಒತ್ತಿ ನೋಡಿದೀನಿ."

ಅವಳ ಎಡಗೈಯ ಕಿರುಬೆರಳು ತುದಿಗೆ ಸರಿದು ತಗ್ಗಿತು. ಪರದೆಯ ಮೇಲೆ ಅವನ ಮಾತು ಸರ್ರನೆ ಹರಿದು ನಿಂತಿತು.

"ನೋಡು, ನೀನಿಲ್ದಿದ್ರೂ ನೀನು ಉತ್ತರ ಕೊಡ್ತೀಯ."

ಅವನು ನೆಲ ನೋಡಿದ. ಕತ್ತರಿಸಿ ಬಿದ್ದ ದಾರದ ತುಂಡುಗಳು, ಒಂದು ಒಡೆದ ಗುಂಡಿ. "ಕೆಲಸ ಜಾಸ್ತಿ ಇತ್ತಕ್ಕ..."

"ಇರತ್ತಪ್ಪ, ಇಲ್ಲ ಅಂದ್ನಾ? ಮಂಗಳವಾರ ನಾನೇನು ಬರೆದಿದ್ದೆ, ಹೇಳು ನೋಡೋಣ."

ಆರುತ್ತಿದ್ದ ಇಸ್ತ್ರಿಪೆಟ್ಟಿಗೆ ಎಲ್ಲೋ ಟಿಕ್ ಎಂದಿತು.

"ಕತ್ತರಿ ಕೈಯಲ್ಲಿ ನಿಲ್ತಿಲ್ಲ, ಒಂದು ಕೋಟು ಹಾಳು ಮಾಡ್ದೆ, ಅಂಗಡಿ ಮುಚ್ಚಿಬಿಡ್ಲಾ ಅಂತ ಕೇಳಿದ್ದೆ." ಬಟ್ಟೆಯ ಮೇಲಿನ ಸೀಮೆಸುಣ್ಣದ ಗೆರೆಯನ್ನು ಬೆರಳಿನಿಂದ ಸವರುತ್ತ ಅವಳು ಹೇಳಿದಳು. "ನಿಂಗೆ ನಗು ಬಂದಿತ್ತು."

ಅಷ್ಟರಲ್ಲಿ ಸ್ಕರ್ಟು ಒಯ್ಯಲು ಬಂದ ಹೆಂಗಸೊಬ್ಬಳು ಮೇಜಿನ ಮೇಲೆ ಬಗ್ಗಿದಳು. "ಇದೇನ್ರೀ, ಕೀಬೋರ್ಡು ಅರ್ಧಾನೇ ಇದೆ! ಇನ್ನರ್ಧ ಇಲಿ ತಿಂತಾ?"

"ನನ್ನ ತಮ್ಮ ಮಾಡಿಸ್ಕೊಟ್ಟಿದ್ದು ಇದು. ಒಂದೇ ಕೈಯಲ್ಲಿ ಬರೀಬಹುದು. ಅವನಿಗೆ ನನ್ನ ಕಂಡ್ರೆ ಅಷ್ಟು ಪ್ರೀತಿ," ಎಂದಳು ಅಕ್ಕ.

ಆ ಮಾತಿನಲ್ಲಿ ಅವನು ಮುಳ್ಳು ಹುಡುಕಿದ. ಸಿಗಲಿಲ್ಲ. ಸಿಕ್ಕಿದ್ದರೆ ಎದೆ ಎಷ್ಟೋ ಹಗುರಾಗುತ್ತಿತ್ತು.

ಹೆಂಗಸು ಹೋದ ಮೇಲೆ ಅವನು ಕೇಳಿದ, "ಆ ಕೀನ ತೆಗೆದುಬಿಡ್ಲಾ ಅಕ್ಕ?"

"ಇರ್ಲಿ ಬಿಡೋ. ನಂದಲ್ವಾ ಈಗ ಅದು?"

ಅವನು ಕೂಟದವರಿಗೆ ಬರೆದ: ತಪ್ಪಾಯಿತು, ಕಟ್ಟಳೆ ಹಾಕಿದವನೇ ಮುರಿದೆ, ಹೊಸ ಕೋಡು ಇಳಿಸಿಕೊಂಡವರು ಅಳಿಸಿಬಿಡಿ. ಲೆಕ್ಕದ ಮೇಷ್ಟ್ರು ಮಾತ್ರ ಒಂದು ಸಾಲು ಬರೆದರು: "ಒಣಗಿತೇನಣ್ಣ?"

ಭಾನುವಾರ ಅವನು ಅಕ್ಕನ ಹಳೆಯ ಮಾತುಗಳನ್ನೆಲ್ಲ ಓದಿದ. ನಗು ಬರಿಸುವವು ಬೇಕಾದಷ್ಟಿದ್ದವು, ನಿಜವಾಗಿ ನಗು ಬರಿಸುವವು. ನಡುನಡುವೆ ಬೆರಳುಗಳ ಸುದ್ದಿ ಬರುತ್ತಿತ್ತು. ಮೊದಲು ತಮಾಷೆಯಂತೆ, ಆಮೇಲೆ ಹಾಗಲ್ಲ. ಪ್ರತಿಯೊಂದರ ಕೆಳಗೂ ಅವನ ಉತ್ತರವಿತ್ತು, ಸರದಿ ತಪ್ಪದೆ.

ಸೋಮವಾರ ಆಫೀಸಿನಲ್ಲಿ ಅವನ ಎಡತುದಿಯ ಕೀ ಬರಿದಾಗಿತ್ತು. ಇನ್ನು ಬರುವುದಿಲ್ಲ ಎಂದುಕೊಂಡಿದ್ದ ಅಕ್ಕನ ಮಾತು ಮಧ್ಯಾಹ್ನ ಬಂತು. ಯಾವನೋ ತನ್ನದೆಂದು ತಿಳಿದು ಪಕ್ಕದ ಮನೆಯವನ ಪ್ಯಾಂಟು ತೊಟ್ಟುಕೊಂಡು ಹೋದ ಕಥೆ. ಅವನು ಕೊನೆಯವರೆಗೂ ಓದಿದ. ಅಭ್ಯಾಸಬಲದಿಂದ ಕಿರುಬೆರಳು ತುದಿಗೆ ಹೋಗಿ ಒತ್ತಿತು. ಏನೂ ಮೂಡಲಿಲ್ಲ. ದಿನವೆಲ್ಲ ಮಿಂಚಿನಂತೆ ಓಡುವ ಬೆರಳುಗಳು ಅಕ್ಷರ ಹುಡುಕುತ್ತ ತಡವರಿಸಿದವು.

"ಅಕ್ಕಾ, ಅಂಗಡಿ ಮುಚ್ಚಬೇಡ. ದಿನಾ ಬೆಳಿಗ್ಗೆ ಆಫೀಸಿಗೆ ಹೋಗೋ ಮೊದಲು ಬರ್ತೀನಿ. ನೀನು ಗೆರೆ ಹಾಕ್ಕೊಡು, ನಾನು ಕತ್ತರಿಸ್ತೀನಿ."

ಉತ್ತರ ತಕ್ಷಣ ಬಂತು. ಯಾವ ಬೆರಳಿಗೂ ಅಷ್ಟು ಬೇಗ ಬರೆಯಲಾಗದು.

"ಅಕ್ಕಾ, ಓದಿದೆ. ನಗು ಬಂತು."

ಮರುದಿನ ಅಂಗಡಿಯ ಷಟರು ಮೇಲೇಳುವ ಮೊದಲೇ ಅವನು ಮೆಟ್ಟಿಲ ಮೇಲೆ ಕೂತಿದ್ದ. ಅಕ್ಕನ ಚಪ್ಪಲಿಯ ಸಪ್ಪಳ ಹತ್ತಿರ ಬಂತು. ಅವನು ತಲೆ ಎತ್ತದೆ, ಬೀಗದ ಕೈಗಾಗಿ ಕೈ ಚಾಚಿದ.